ಕೂರುವ ಚೌಕ

ಪೀಣ್ಯ ಎರಡನೇ ಹಂತ, ಹಿಂದಿನ ರಸ್ತೆ.
ನಾವು ಮಾಡುವುದು ಸ್ಪ್ರಿಂಗು.
ಸ್ಕೂಟರಿನ ಸ್ಟ್ಯಾಂಡಿಗೆ, ಬೋರ್‌ವೆಲ್ಲಿನ ವಾಲ್ವಿಗೆ,
ಯಾರೋ ಎಲ್ಲೋ ಒತ್ತಿ ಬಿಡುವ ಎಂಥದಕ್ಕೋ.
ಲೆಕ್ಕ ಬರೆಯುವವನು ನಾನು.
ಓನರು ಹೊಂಬಾಳಮ್ಮ,
ರೈಲ್ವೆ ತಂಡದಲ್ಲಿ ಹನ್ನೊಂದು ವರ್ಷ ಎಡ ಕಾರ್ನರು.

ಎಡ ಕಾರ್ನರೆಂದರೆ ಏನು ಕೆಲಸವೆಂದು
ಸೇರಿದ ಹೊಸದರಲ್ಲಿ ಕೇಳಿದ್ದೆ.
'ಕಾಲು ಬರೋ ತನಕ ಕಾಯೋದು' ಅಂದರು.
ಅಷ್ಟೇ. ಟೀ ಲೋಟ ಹಿಡಿದ ಆ ಕೈಯಲ್ಲಿ
ಎರಡು ಬೆರಳು ಬೇರೆ ದಿಕ್ಕು ನೋಡುತ್ತವೆ.
ಚೆಕ್ಕಿಗೆ ಸಹಿ ಹಾಕುವುದೂ ಅವೇ;
ಸಹಿ ತಾಳೆಯಾಗಲಿಲ್ಲವೆಂದು ಬ್ಯಾಂಕಿನವರು
ಎರಡು ಸಲ ವಾಪಸು ಕಳಿಸಿದ್ದಾರೆ.

ಮಂಡಿಯ ಎರಡನೇ ಆಪರೇಷನ್ನಿನ ನಂತರ
ಆಟ ಬಿಟ್ಟರು, ಅಥವಾ ಆಟ ಅವರನ್ನು.
ಮುಚ್ಚುತ್ತಿದ್ದ ಶೆಡ್ಡೊಂದರಿಂದ
ಎರಡು ಮಷೀನು, ಒಂದು ಉದ್ದನೆ ಬೆಂಚು
ತೂಕದ ಲೆಕ್ಕದಲ್ಲಿ ತಂದರಂತೆ.
ಬೆಂಚು ಈಗಲೂ ಇದೆ. ಊಟಕ್ಕೆ ಎಲ್ಲರೂ ಅಲ್ಲೇ,
ಅವರು ಮಾತ್ರ ತುದಿಗೆ, ಎಡಕ್ಕೆ.

ರೇಟು ಇಳಿಸಲು ಬಂದ ಹೊಸೂರಿನವರ ಮುಂದೆ
ಬಾಯಿ ಬಿಡುವುದಿಲ್ಲ. ಮೇಜಿನ ಕೆಳಗೆ
ಅವರ ಷೂ ನೋಡುತ್ತಾ ಕೂರುತ್ತಾರೆ.
ಹಿಮ್ಮಡಿ ನೆಲ ಬಿಟ್ಟಿತೋ,
ಆಗ ಹೇಳುತ್ತಾರೆ ನಮ್ಮ ಬೆಲೆ.

ಆರ್ಡರು ಅರ್ಧಕ್ಕಿಳಿದ ವರ್ಷ
ಆರು ಜನರನ್ನು ಬಿಡಿಸಬೇಕಾಯಿತು.
ಬಾಕಿ ಸಂಬಳ, ಪಿಎಫ್ ಕಾಗದ, ಒಂದೊಂದು ಕವರು.
ಹೆಸರು ಹೊಡೆದುಹಾಕಲು ಪೆನ್ನೆತ್ತಿದೆ.
'ಹೊಡೀಬೇಡಿ. ನಂಬರು ಹಾಕಿ.
ಹೋದ ಕ್ರಮದಲ್ಲಿ.'

ಕಬಡ್ಡಿಯಲ್ಲಿ ಔಟಾದವರು ಮನೆಗೆ ಹೋಗುವುದಿಲ್ಲವಂತೆ.
ಅಂಕಣದ ಹಿಂದೆ ಒಂದು ಚೌಕ,
ಅಲ್ಲಿ ಸಾಲಾಗಿ ಕೂರುತ್ತಾರೆ, ಮೊಣಕಾಲು ತಬ್ಬಿ.
ಎದುರಿನವರು ಒಬ್ಬರು ಔಟಾದರೆ
ಚೌಕದಿಂದ ಒಬ್ಬರು ಒಳಗೆ.
ಚೆನ್ನಾಗಿ ಆಡುವವರಲ್ಲ,
ಮೊದಲು ಔಟಾದವರು ಮೊದಲು.
'ಅದೊಂದು ನಿಯಮ ಇಲ್ದಿದ್ರೆ' ಅಂದರು,
'ನಾನು ಎಷ್ಟೋ ಸಲ ಅಲ್ಲೇ ಕೂತಿರ್ತಿದ್ದೆ.'

ಫೆಬ್ರವರಿಯಲ್ಲಿ ಪಂಪಿನವರ ಆರ್ಡರು ಬಂತು.
ಒಂದನೇ ನಂಬರು ದ್ಯಾವೀರಮ್ಮ,
ಮಾರನೆಯ ಬೆಳಿಗ್ಗೆಯೇ ಹಾಜರು,
ಹಳೇ ಏಪ್ರನ್ನಿಗೆ ಇಸ್ತ್ರಿ ಹಾಕಿಕೊಂಡು.
ಎರಡನೆಯವನು ಗವಿರಂಗ. ಫೋನೆತ್ತಲಿಲ್ಲ.
ಮೂರನೆಯವಳು ಮುಬೀನಾ. ಗ್ರೈಂಡಿಂಗಿನಲ್ಲಿ
ಅಂಥ ಕೈ ಈ ಸಾಲಿನಲ್ಲೇ ಇಲ್ಲ.
ವಾರಕ್ಕೊಮ್ಮೆ ಕೇಳುತ್ತಿದ್ದಳು,
'ಸಾರ್, ನನ್ನ ನಂಬರು ಬಂತಾ?'
ಎರಡು ಬರದೆ ಮೂರು ಹೇಗೆ ಬಂದೀತು?
ಮಷೀನು ಐದು ವಾರ ಸುಮ್ಮನೆ ನಿಂತಿತು.

'ಇದು ಅಂಕಣ ಅಲ್ಲ ಮೇಡಂ' ಅಂದೇಬಿಟ್ಟೆ.
ಅವರು ಉಸಿರು ಹಿಡಿದುಕೊಂಡೇ ಇದ್ದರು,
ಹಿಡಿಯುವುದೊಂದೇ ಗೊತ್ತಿರುವವರ ಹಾಗೆ.

ಭಾನುವಾರ ಲಗ್ಗೆರೆಗೆ ಹೋದೆವು, ಅವರ ಸ್ಕೂಟರಿನಲ್ಲಿ.
ಗವಿರಂಗ ಹಳದಿ ವ್ಯಾನೊಂದನ್ನು ತೊಳೆಯುತ್ತಿದ್ದ.
ಸ್ಕೂಲು ಮಕ್ಕಳದು. ಸ್ವಂತದ್ದು, ಕಂತಿನ ಮೇಲೆ.
ಬಕೆಟ್ಟು ಬೋರಲು ಹಾಕಿ ಮೇಡಮ್ಮನ್ನು ಕೂರಿಸಿದ.
ಟೀ ಬಂತು. ಬಹಳ ಹೊತ್ತು ಬಟ್ಟೆ ಹಿಂಡಿದ.
'ತಪ್ಪು ತಿಳೀಬೇಡಿ ಮೇಡಂ.
ನೀವು ಹೇಳ್ತಿದ್ದ ಆ ಚೌಕದಲ್ಲಿ ನಾನಿಲ್ಲ.'

ವಾಪಸು ಬರುವಾಗ ತುಮಕೂರು ರಸ್ತೆಯ
ಮೇಲ್ಸೇತುವೆ ಕೆಳಗಿನ ಸಿಗ್ನಲ್ಲಿನಲ್ಲಿ
ಎಡಗೈ ಬ್ರೇಕು ಬಿಟ್ಟು
ಬೆರಳು ಮಡಚಿದರು, ಬಿಚ್ಚಿದರು.
ಬಿಡಿಸಿಕೊಂಡು ಗೆರೆ ಮುಟ್ಟಿದವನ ಮೇಲೆ
ಕಾರ್ನರಿಗೆ ಸಿಟ್ಟಿರುತ್ತದೋ ಇಲ್ಲವೋ,
ನಾನು ಆಡಿದವನಲ್ಲ.
ಹಸಿರು ಬಂತು. ಹಿಂದಿನ ಬಸ್ಸು ಬಡಿದುಕೊಂಡಿತು.
'ಮುಬೀನಾಗೆ ಫೋನ್ ಮಾಡಿ' ಅಂದರು,
ಗಾಳಿಗೆ ಅರ್ಧ ಕೇಳಿಸಿತು.

ಈಗ ನಾಲ್ಕು ಜನ ಒಳಗಿದ್ದಾರೆ.
ಆರನೆಯ ಹುಡುಗನಿಗೆ ಆಷಾಢ ಕಳೆದ ಮೇಲೆ ಅಂದಿದ್ದೇವೆ.
ಎರಡನೇ ಹೆಸರನ್ನು ಯಾರೂ ಹೊಡೆದಿಲ್ಲ.
ಮೊನ್ನೆ ಪುಸ್ತಕ ತೆರೆದರೆ ಅದರ ಎದುರಿಗೆ
ಸೊಟ್ಟ ಅಕ್ಷರದಲ್ಲಿ, ಪೆನ್ಸಿಲ್ಲಿನಲ್ಲಿ:
'ವ್ಯಾನು, ೭-೪೦. ಗೇಟಿನ ಮುಂದೆ ಕೈ ಬೀಸಿದ.'